ಚಿತ್ತು ಮಾಡಿದ್ರೆ ತಪ್ಪೇನು ಮೇಷ್ಟ್ರೇ?

ಗಿರಿಯ ತಪ್ಪಲಿನಿಂದ ಕಳಸದವರೆಗೆ ಯಾವ ಕಾಫಿ ತೋಟಕ್ಕೆ ಹೋದರೂ, ಕಸಿ ಮಾಡುವವನನ್ನು 'ಗಿಡ ಹಾಳು ಮಾಡ್ದೆ' ಅಂತ ಯಾರೂ ಬಯ್ಯುವುದಿಲ್ಲ. ಕುಯ್ಲು ಮುಗಿದ ಮೇಲೆ ಒಣಕಲು ಕಡ್ಡಿ ಸವರಿ, ಬೇಡದ ಚಿಗುರು ತೆಗೆದರೇ ಮುಂದಿನ ಫಸಲು. ಆದರೆ ಅದೇ ತೋಟದಲ್ಲಿ ದುಡಿಯುವವರ ಮಗ ಶಾಲೆಯಲ್ಲಿ ತಾನು ಬರೆದ ಸಾಲೊಂದನ್ನು ಹೊಡೆದುಹಾಕಿದರೆ? 'ಏನೋ ಇದು ಚಿತ್ತು! ನೀಟಾಗಿ ಬರಿ' ಎಂಬ ಗದರಿಕೆ ಗ್ಯಾರಂಟಿ.

ಇದಕ್ಕೆ ಗದುಗಿನ ನಾರಣಪ್ಪನೂ ಕೊಂಚ ಹೊಣೆಯೇನೋ! ಹಲಗೆ, ಬಳಪ ಹಿಡಿಯಲಿಲ್ಲ, ಬರೆದ ಪದ ಅಳಿಸಲಿಲ್ಲ ಎಂದು ತನ್ನ ಭಾರತದ ಪೀಠಿಕೆಯಲ್ಲಿ ಆತ ಹೇಳಿಕೊಂಡಿದ್ದಾನೆ. ಹೇಳಿಕೊಳ್ಳಲಿ, ಕುಮಾರವ್ಯಾಸನಿಗೆ ಒಪ್ಪುತ್ತೆ. ಹಾಗೆ ನೋಡಿದರೆ ಆತ ಅದನ್ನೊಂದು ಅಗ್ಗಳಿಕೆ ಎಂದು ಎಣಿಸಿದ್ದರಿಂದಲೇ ಗೊತ್ತಾಗುವುದಿಲ್ಲವೆ, ಮಿಕ್ಕವರೆಲ್ಲ ಹಲಗೆಯ ಮೇಲೆ ಅಳಿಸಿ, ತಿದ್ದಿಯೇ ಬರೆಯುತ್ತಿದ್ದರು ಅಂತ?

ಈಗ ನಡೆಯೋದು ಎಲ್ಲರಿಗೂ ಗೊತ್ತು. ಗೈಡಿನ ಪ್ರಬಂಧ ಬಾಯಿಪಾಠ, ಮೇಲೆ ಕೆಂಪು ಶಾಯಿಯ ಸಹಿ. ತಪ್ಪುವುದು ಹುಡುಗನ ಕೆಲಸ, ತಿದ್ದುವುದು ಮೇಷ್ಟ್ರ ಕೆಲಸ. ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕದ ನಡುವೆ ಅವರಾದರೂ ಎಷ್ಟು ಪುಸ್ತಕ ತಿದ್ದಿಯಾರು, ಪಾಪ.

'ಮಳೆ ಜೋರಾಗಿ ಬಂತು. ಬಹಳ ತೊಂದರೆಯಾಯಿತು' ಎಂದು ಹುಡುಗಿಯೊಬ್ಬಳು ಬರೆದಳೆನ್ನಿ. ಕಾಗುಣಿತ ಸರಿಯಿದೆ, ಟಿಕ್ ಬೀಳುತ್ತೆ, ಮುಗೀತು. ಅದರ ಬದಲು ಪಕ್ಕದಲ್ಲಿ ಕೂತ ಗೆಳತಿ 'ಏನೇ ತೊಂದ್ರೆ ಆಯ್ತು?' ಅಂತ ಒಂದೇ ಮಾತು ಕೇಳಲಿ. 'ಹಳ್ಳ ಉಕ್ಕಿ ಕಾಲುಸಂಕ ಮುಳುಗಿತು, ಮೂರು ದಿನ ಶಾಲೆಗೆ ಬರಲಾಗಲಿಲ್ಲ' ಎಂಬ ಸಾಲು ತಾನೇ ಹೊರಬರುತ್ತೆ. ಬರೆದವಳಿಗೇ ಖುಷಿ, ಯಾಕೆಂದರೆ ಇದು ಯಾವ ಗೈಡಿನಲ್ಲೂ ಇಲ್ಲ. ಹಳೆಯ ಸಾಲು ಹೊಡೆದುಹಾಕು ಅಂತ ಆಗ ಯಾರೂ ಹೇಳಬೇಕಾಗಿಲ್ಲ.

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡದ 125 ಅಂಕಗಳಲ್ಲಿ 25 ಶಾಲೆಯ ಕೈಯಲ್ಲೇ ಇದೆ. ಪೇಟೆಯಿಂದ ಚಿತ್ರ ತಂದು ಅಂಟಿಸಿದ 'ಪ್ರಾಜೆಕ್ಟಿ'ಗೆ ಅಂಕ ಕೊಡುವವರು ಅದರಲ್ಲಿ ಐದನ್ನು ಚಿತ್ತಿಗೂ ಕೊಡಲಿ. ಹುಡುಗರು ಮೊದಲು ಬರೆದದ್ದನ್ನೂ ತಿದ್ದಿ ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಇಷ್ಟಕ್ಕೂ ಬೆಂಗಳೂರಿನ ಸುತ್ತೋಲೆ ಕಾಯಬೇಕೆ?

ಅಂದಹಾಗೆ, ಆ ಕಾಲುಸಂಕದ ಸಾಲು ಪಂಚಾಯ್ತಿಗೆ ಕೊಡುವ ಅರ್ಜಿಗೂ ಆಗುತ್ತೆ. 'ಬಹಳ ತೊಂದರೆಯಾಗಿದೆ' ಎಂಬ ಅರ್ಜಿಗಳು ಅಲ್ಲಿ ಈಗಾಗಲೇ ಕಂತೆ ಕಂತೆ ಬಿದ್ದಿವೆ.