ಅಡುಗೆ ಕಟ್ಟೆಗೆ ಎಂತಹ ಕಲ್ಲು?

ಹೊಸ ಮನೆ ಕಟ್ಟಿಸುವವರು ತಲೆಬಾಗಿಲಿನ ಮರದ ಬಗೆಗೆ, ಪಡಸಾಲೆಯ ನೆಲದ ಬಗೆಗೆ ವಿಚಾರ ಮಾಡುವಷ್ಟು ಅಡುಗೆ ಕಟ್ಟೆಯ ಬಗೆಗೆ ವಿಚಾರ ಮಾಡುವುದಿಲ್ಲ. ಪಡಸಾಲೆಯನ್ನು ಬಂದ ಬೀಗರು ನೋಡಿ ಮೆಚ್ಚುತ್ತಾರೆ. ಅಡುಗೆ ಕಟ್ಟೆಯ ಮೇಲಾದರೋ ಮನೆಯವರ ಕೈ ಮೂರು ಹೊತ್ತೂ ಆಡುತ್ತಿರುತ್ತದೆ. ಅರಿಸಿನದ ಬಣ್ಣ, ಹುಣಸೆಯ ಹುಳಿ, ಕಾದ ಎಣ್ಣೆ, ಬಿಸಿ ಪಾತ್ರೆಯ ತಳ, ರೊಟ್ಟಿಯ ಬಡಿತ ಇವೆಲ್ಲವನ್ನೂ ಹತ್ತಾರು ವರುಷ ತಾಳಿಕೊಳ್ಳಬೇಕಾದುದು ಆ ಕಟ್ಟೆಯೇ. ಆದುದರಿಂದ ಈ ತಿಂಗಳು ಅದರ ಕುರಿತು ನಾಲ್ಕು ಮಾತು ಹೇಳಬಯಸುತ್ತೇವೆ.

ಮೊದಲು ಸುಣ್ಣದ ಅಂಶವುಳ್ಳ ಕಲ್ಲುಗಳನ್ನು ನೋಡೋಣ. ಕಲಬುರಗಿ ಜಿಲ್ಲೆಯ ಶಹಾಬಾದ ಕಲ್ಲು, ಆಂಧ್ರದ ಕಪ್ಪು ಕಡಪ ಕಲ್ಲು, ರಾಜಸ್ಥಾನದ ಮಕರಾಣದ ಅಮೃತಶಿಲೆ ಮೂರೂ ನೋಟಕ್ಕೆ ಬೇರೆ ಬೇರೆಯಾದರೂ ಒಂದೇ ಕುಲಕ್ಕೆ ಸೇರಿದವು. ಸುಣ್ಣವು ಹುಳಿಗೆ ಕರಗುತ್ತದೆ. ನಿಂಬೆಯ ರಸವೋ ಹುಣಸೆಯ ನೀರೋ ಬಿದ್ದ ಜಾಗದಲ್ಲಿ ಹೊಳಪು ಹೋಗಿ ಮಂಕಾದ ಗುರುತು ಉಳಿಯುತ್ತದೆ. ಇದು ಕಲೆಯಲ್ಲ, ಸವೆತ. ತಿಕ್ಕಿ ತೊಳೆದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕಾಗುತ್ತದೆ. ಬೆಲೆ ಕಡಿಮೆಯೆಂದು ಕಡಪ ಕಲ್ಲನ್ನು ಆರಿಸುವವರು ಅದನ್ನು ಕಪಾಟಿನ ಹಲಗೆಗೆ, ಕಟ್ಟೆಯ ಅಡಿಯ ಆಧಾರಕ್ಕೆ ಬಳಸಿದರೆ ಒಳ್ಳೆಯದು. ಶಹಾಬಾದ ಕಲ್ಲಿಗೆ ನೆಲವೇ ತಕ್ಕ ಸ್ಥಾನ. ಅಮೃತಶಿಲೆಯು ದೇವರ ಮನೆಗೆ ಶೋಭೆ. ಒಗ್ಗರಣೆಯ ಪಕ್ಕದಲ್ಲಿ ಅದಕ್ಕೆ ನೆಮ್ಮದಿಯಿಲ್ಲ.

ಗ್ರಾನೈಟ್ ನಮ್ಮ ನಾಡಿನದೇ ಸಂಪತ್ತು. ಇಳಕಲ್ಲಿನ ಕೆಂಗಲ್ಲು, ಚಾಮರಾಜನಗರದ ಕಪ್ಪು ಕಲ್ಲು ದೇಶವಿದೇಶಗಳಲ್ಲಿ ಹೆಸರು ಮಾಡಿವೆ. ಹುಳಿಗೆ, ಬಿಸಿಗೆ, ಚಾಕುವಿನ ಗೀರಿಗೆ ಇವು ಸುಲಭವಾಗಿ ಮಣಿಯುವುದಿಲ್ಲ. ಆದರೆ ತಿಳಿ ಬಣ್ಣದ ಕೆಲವು ಗ್ರಾನೈಟ್‌ಗಳಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಅವು ಎಣ್ಣೆಯನ್ನು ಹೀರಿ ಕಪ್ಪಾಗುತ್ತವೆ. ಅಂತಹ ಕಲ್ಲಿಗೆ ಸೀಲರ್ ಬಳಿಸಿ, ಆಗಾಗ ಅದನ್ನು ನವೀಕರಿಸುವುದು ಅವಶ್ಯ.

ಈಚಿನ ವರ್ಷಗಳಲ್ಲಿ ‘ಕ್ವಾರ್ಟ್ಸ್’ ಎಂಬ ಹೆಸರಿನ ತಯಾರಿಸಿದ ಕಲ್ಲು ಪೇಟೆಯನ್ನು ಆವರಿಸುತ್ತಿದೆ. ಬೆಣಚುಕಲ್ಲನ್ನು ಪುಡಿ ಮಾಡಿ, ರಾಳ ಮತ್ತು ಬಣ್ಣ ಬೆರೆಸಿ ಒತ್ತಿದ ಹಲಗೆಯಿದು. ಸಾಮಾನ್ಯವಾಗಿ ತೂಕದಲ್ಲಿ ಶೇಕಡಾ 90ರಷ್ಟು ಬೆಣಚು ಇರುತ್ತದೆ. ರಂಧ್ರಗಳಿಲ್ಲದ ಕಾರಣ ಕಲೆ ಇಳಿಯುವುದು ಕಡಿಮೆ. ಬಣ್ಣ ಎಲ್ಲೆಡೆ ಒಂದೇ ಸಮನಾಗಿರುತ್ತದೆ. ಆದರೆ ರಾಳವು ಬಿಸಿಗೆ ಹೆದರುತ್ತದೆ. ಒಲೆಯಿಂದ ಇಳಿಸಿದ ಹಂಚನ್ನು ನೇರವಾಗಿ ಇಟ್ಟರೆ ಮಾಸದ ಗುರುತು ಬೀಳಬಹುದು, ಬಿರುಕೂ ಬಿಡಬಹುದು.

ಇದಕ್ಕಿಂತ ಗಂಭೀರವಾದ ಮಾತೊಂದಿದೆ. ಈ ಹಲಗೆಯನ್ನು ಕೊಯ್ಯುವಾಗ ಏಳುವ ನುಣುಪಾದ ಸಿಲಿಕಾ ಧೂಳು ಕೆಲಸಗಾರನ ಪುಪ್ಪುಸದಲ್ಲಿ ನೆಲೆಸಿ ಅದನ್ನು ಗಡಸು ಮಾಡುತ್ತದೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ಗುಣಪಡಿಸುವ ಔಷಧವಿಲ್ಲ. ಹರೆಯದ ಕೆಲಸಗಾರರೂ ಇದಕ್ಕೆ ತುತ್ತಾದುದನ್ನು ಕಂಡು ಆಸ್ಟ್ರೇಲಿಯಾ ದೇಶವು 2024ರ ಜುಲೈ 1ರಿಂದ ಇಂತಹ ಕಲ್ಲಿನ ತಯಾರಿಕೆ, ಪೂರೈಕೆ ಮತ್ತು ಬಳಕೆಯನ್ನು ನಿಷೇಧಿಸಿತು. ಕಟ್ಟೆಯಾಗಿ ಕುಳಿತ ಹಲಗೆಯಿಂದ ಮನೆಯವರಿಗೆ ಈ ಅಪಾಯವಿಲ್ಲ; ಅಪಾಯವೆಲ್ಲ ಕೊಯ್ಯುವವನದು. ಗ್ರಾನೈಟ್‌ನಲ್ಲಿ ಬೆಣಚು ಬಹಳಷ್ಟು ಕಡಿಮೆ, ಆದರೆ ಇಲ್ಲದೆ ಇಲ್ಲ. ಆದ್ದರಿಂದ ಯಾವ ಕಲ್ಲನ್ನೇ ಆರಿಸಿರಿ, ನೀರು ಹರಿಸುತ್ತ ಕೊಯ್ಯಬೇಕೆಂದು ಮೊದಲೇ ಕರಾರು ಮಾಡಿಕೊಳ್ಳಿರಿ. ಸಿಂಕಿನ ಮತ್ತು ಒಲೆಯ ಕಿಂಡಿಗಳನ್ನು ಅಂಗಡಿಯಲ್ಲಿಯೇ ಕೊರೆಸಿರಿ. ಮನೆಯಲ್ಲಿ ಒಣ ಯಂತ್ರದಿಂದ ಕೊಯ್ಯುವುದನ್ನು ಕಂಡರೆ ನಿಲ್ಲಿಸಿರಿ. ಬಾಯಿಗೆ ಕಟ್ಟಿದ ಕರವಸ್ತ್ರ ಆ ಧೂಳನ್ನು ತಡೆಯಲಾರದು. ನಮ್ಮ ಮನೆಯ ಅಂದಕ್ಕಾಗಿ ಇನ್ನೊಂದು ಮನೆಯ ದುಡಿಯುವ ಕೈ ಉಸಿರು ಕಳೆದುಕೊಳ್ಳಬಾರದು.

ಕೊಳ್ಳುವ ಮುನ್ನ ಅಂಗಡಿಯಿಂದ ಕಲ್ಲಿನ ಒಂದು ತುಂಡನ್ನು ಮನೆಗೆ ತನ್ನಿರಿ. ಅದರ ಮೇಲೆ ನಾಲ್ಕು ಹನಿ ನಿಂಬೆರಸ ಹಾಕಿ ಕಾಲು ಗಂಟೆಯ ನಂತರ ಒರೆಸಿರಿ. ಮಂಕು ಕಂಡರೆ ಸುಣ್ಣವಿದೆಯೆಂದು ತಿಳಿಯಿರಿ. ಇನ್ನೊಂದು ಕಡೆ ಎಣ್ಣೆಯ ಹನಿ ಬಿಟ್ಟು ನೋಡಿರಿ. ಆ ಜಾಗ ಕಪ್ಪಾದರೆ ಕಲ್ಲು ಹೀರುವ ಗುಣದ್ದು. ಕಪ್ಪು ಕಲ್ಲಾದರೆ ಉಗುರಿನ ಬಣ್ಣ ತೆಗೆಯುವ ಅಸಿಟೋನ್ ದ್ರವದಲ್ಲಿ ಬಿಳಿ ಬಟ್ಟೆ ಅದ್ದಿ ಉಜ್ಜಿರಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣ ಬಳಿದ ಕಲ್ಲು. ಈ ಮೂರು ಪರೀಕ್ಷೆಗಳು ಮಾರುವವನ ಮಾತಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಕಲ್ಲು ಎಷ್ಟೇ ಉತ್ತಮವಾಗಿರಲಿ, ಕೂರಿಸುವ ಕೆಲಸ ಕೆಟ್ಟರೆ ಅದು ಬಾಳುವುದಿಲ್ಲ. ಸಿಂಕಿನ ಮುಂದೆ ಉಳಿಯುವ ಕಿರಿದಾದ ಪಟ್ಟಿಯೇ ಮೊದಲು ಸೀಳುವ ಜಾಗ. ಅದರ ಕೆಳಗೆ ಗಟ್ಟಿ ಆಧಾರವಿರಲಿ. ಜೋಳದ ರೊಟ್ಟಿ ಬಡಿಯುವ ಮನೆಗಳಲ್ಲಂತೂ ಬಡಿಯುವ ಸ್ಥಳದ ಅಡಿಯಲ್ಲಿ ಟೊಳ್ಳು ಉಳಿಯಲೇಬಾರದು. ಎತ್ತರವನ್ನು ಗುತ್ತಿಗೆದಾರನ ರೂಢಿಗೆ ಬಿಡದೆ, ಅಡುಗೆ ಮಾಡುವವರನ್ನು ನಿಲ್ಲಿಸಿ ಅಳೆಯಿಸಿರಿ. ಮಡಿಸಿದ ಮೊಣಕೈಗಿಂತ ನಾಲ್ಕರಿಂದ ಆರು ಅಂಗುಲ ಕೆಳಗಿದ್ದರೆ ಬೆನ್ನಿಗೂ ಭುಜಕ್ಕೂ ಹಿತ.

ದಿನನಿತ್ಯದ ಅಡುಗೆಗೆ ನಮ್ಮ ಸಲಹೆ ಗಾಢ ಬಣ್ಣದ, ಕಡಿಮೆ ಹೀರುವ, ನಾಡಿನದೇ ಆದ ಗ್ರಾನೈಟ್. ಆದರೆ ಕೊನೆಯ ಮಾತು ಆ ಕಟ್ಟೆಯ ಮುಂದೆ ನಿಲ್ಲುವವರದಾಗಲಿ. ಕಲ್ಲು ನೋಡಲು ಹೋಗುವ ದಿನ ಅವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿರಿ.