ಲ್ಯಾಬ್ ಕೀ ಕೊಡ್ತೀವಿ, ಜರ್ನಲ್ ಯಾಕೆ ಕೊಡಲ್ಲ?

ಬೇರೆ ಕಾಲೇಜಿನಿಂದ ನಮ್ಮಲ್ಲಿಗೆ ರಿಸರ್ಚ್ ಮಾಡೋಕೆ ಬರೋರಿಗೆ ಲ್ಯಾಬ್ ಸಿಗುತ್ತೆ, ಮೆಸ್‌ನಲ್ಲಿ ಊಟಾನೂ ಸಿಗುತ್ತೆ. ಆದ್ರೆ ಒಂದು ಪೇಪರ್ ಓದಬೇಕಂದ್ರೆ ಯಾರದ್ದೋ ಪಾಸ್‌ವರ್ಡ್ ಬೇಡಬೇಕು.

'ಒಂದು ದೇಶ, ಒಂದು ಚಂದಾ' ಯೋಜನೆ 2025ರ ಜನವರಿಯಲ್ಲಿ ಶುರುವಾಯ್ತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಆದರೆ ಮೊದಲ ಹಂತದಲ್ಲಿ ಇದು ಸರ್ಕಾರಿ ಸಂಸ್ಥೆಗಳಿಗಷ್ಟೇ. ನಮ್ಮದು ಸರ್ಕಾರಿ ಕಾಲೇಜು, ಹಾಗಾಗಿ ನಾವು ಒಳಗಿದ್ದೀವಿ. ಕರ್ನಾಟಕದ ಹೆಚ್ಚಿನ ಇಂಜಿನಿಯರಿಂಗ್ ಕಾಲೇಜುಗಳು ಖಾಸಗಿ. ಅಲ್ಲಿನ ಗೆಳೆಯರು ಹೊರಗೆ.

"ಲೈಸೆನ್ಸ್ ಒಪ್ಪಲ್ಲ" ಅನ್ನೋ ಉತ್ತರ ಅರ್ಧ ಮಾತ್ರ ನಿಜ. ಹೊರಗಿನವರಿಗೆ ಮನೆಯಿಂದ ಲಾಗಿನ್ ಆಗೋಕೆ ಸಾಮಾನ್ಯವಾಗಿ ಅನುಮತಿ ಇರಲ್ಲ, ಸರಿ. ಆದರೆ ಎಷ್ಟೋ ಪ್ರಕಾಶಕರ ಒಪ್ಪಂದಗಳಲ್ಲಿ 'ವಾಕ್-ಇನ್ ಯೂಸರ್' ಅಂತ ಒಂದು ವರ್ಗ ಇರುತ್ತೆ. ಲೈಬ್ರರಿಗೆ ಬಂದು, ಅಲ್ಲಿನ ಕಂಪ್ಯೂಟರ್‌ನಲ್ಲೇ ಕೂತು ಓದೋರು ಇವರು. ನಮ್ಮ ಯಾವ ಯಾವ ಜರ್ನಲ್‌ಗೆ ಇದು ಅನ್ವಯಿಸುತ್ತೆ ಅಂತ ಲೈಬ್ರರಿಯವರು ಒಮ್ಮೆ ಪಟ್ಟಿ ಮಾಡಿದ್ರೆ ಸಾಕು.

ಅವರ ಭಯಕ್ಕೂ ಕಾರಣ ಇದೆ. ಯಾರಾದ್ರೂ ರಾಶಿಗಟ್ಟಲೆ ಡೌನ್‌ಲೋಡ್ ಮಾಡಿದ್ರೆ ಪ್ರಕಾಶಕರು ಇಡೀ ಕ್ಯಾಂಪಸ್‌ನ ಐಪಿಯನ್ನೇ ಬ್ಲಾಕ್ ಮಾಡಬಹುದು. ಆದ್ರೆ ಕದ್ದು ಹಂಚಿದ ಪಾಸ್‌ವರ್ಡ್‌ನಲ್ಲಿ ಆ ಅಪಾಯ ಇನ್ನೂ ಜಾಸ್ತಿ. ಮಾಡಿದ್ದು ಒಬ್ಬರು, ಸಿಕ್ಕಿಹಾಕಿಕೊಳ್ಳೋದು ಪಾಸ್‌ವರ್ಡ್ ಕೊಟ್ಟ ಹುಡುಗ.

ಕೇಳ್ತಿರೋದು ಇಷ್ಟೇ: ಲೈಬ್ರರಿಯಲ್ಲಿ ಎರಡು ಸಿಸ್ಟಮ್, ಬಂದವರ ಹೆಸರಲ್ಲೇ ಗೆಸ್ಟ್ ಐಡಿ, ಅವರು ಹೊರಟ ದಿನ ಅದು ಬಂದ್. ಈ ಚಂದಾ ಕಟ್ಟಿರೋದು ಜನರ ತೆರಿಗೆ ಹಣದಿಂದ. ಅದರಲ್ಲಿ ಖಾಸಗಿ ಕಾಲೇಜು ಮಕ್ಕಳ ಅಪ್ಪ-ಅಮ್ಮಂದಿರ ಪಾಲೂ ಇದೆ.