ಸಿನಿಮಾ ತೋರಿಸಿ ಸಾಹಿತ್ಯ ಕಲಿಸಬಹುದೆ?

ಅಮೆರಿಕದ 50 ರಾಜ್ಯಗಳಲ್ಲೂ ಮಕ್ಕಳಿಗೆ ಶಾಲೆಯ ಬದಲು ಮನೆಯಲ್ಲೇ ಪಾಠ ಹೇಳಲು ಕಾನೂನಿನ ಅನುಮತಿಯುಂಟು. ನಿಯಮಗಳು ಮಾತ್ರ ಒಂದೊಂದು ಕಡೆ ಒಂದೊಂದು ಬಗೆ. ಟೆಕ್ಸಾಸಿನಲ್ಲಿ ವರದಿ ಒಪ್ಪಿಸುವ ಗೋಜೇ ಇಲ್ಲ. ನ್ಯೂಯಾರ್ಕಿನಲ್ಲಿ ವರ್ಷಕ್ಕೆ ನಾಲ್ಕು ಸಲ ವರದಿ ಕಳಿಸಬೇಕು. ಪೆನ್ಸಿಲ್ವೇನಿಯದಲ್ಲಿ ವರ್ಷದ ಕೊನೆಗೆ ಮಗುವಿನ ಕೆಲಸದ ಕಡತವನ್ನು ಪರೀಕ್ಷಕರಿಗೆ ತೋರಿಸಬೇಕು. ನಮ್ಮ ಸಂಘದ ಕುಟುಂಬಗಳಲ್ಲೂ ಕೆಲವರು ಈ ದಾರಿ ಹಿಡಿದಿದ್ದಾರೆ. ಗಣಿತ, ವಿಜ್ಞಾನಗಳಿಗೆ ನಮ್ಮವರು ಹೆದರುವವರಲ್ಲ. ಹೆದರಿಕೆ ಇರುವುದು ಸಾಹಿತ್ಯಕ್ಕೆ. ಹದಿನೈದು ವರ್ಷದ ಹುಡುಗನ ಮುಂದೆ ಒಂದು ಕಾದಂಬರಿ ಇಟ್ಟು, ‘ನೀತಿ ಏನು?’ ಎಂದು ಕೇಳಿದ ಮೇಲೆ ಮುಂದಿನ ಪ್ರಶ್ನೆ ಯಾವುದು ಎಂದು ನಮ್ಮಲ್ಲಿ ಹಲವರಿಗೆ ತೋಚುವುದಿಲ್ಲ.

ಈ ತೊಡಕಿಗೆ ಕೆಲವು ಮನೆಗಳಲ್ಲಿ ಕಂಡುಕೊಂಡಿರುವ ಉಪಾಯ ಸಿನಿಮಾ. ಅದು ಬರಿಯ ಸೋಮಾರಿತನ ಎನ್ನುವವರಿದ್ದಾರೆ. ಸಿನಿಮಾ ನೋಡಿದ ಮೇಲೆ ಪುಸ್ತಕದ ಹಂಗೇಕೆ ಎನ್ನುವವರೂ ಇದ್ದಾರೆ. ಎರಡನ್ನೂ ನಾವು ಒಪ್ಪಲಾರೆವು. ಸಾಹಿತ್ಯ ವಿಮರ್ಶೆಗೆ ಸಿನಿಮಾ ಒಳ್ಳೆಯ ಬಾಗಿಲು. ಆದರೆ ಬಾಗಿಲಲ್ಲೇ ನಿಂತವನು ಮನೆ ನೋಡಿದಂತಾಗಲಿಲ್ಲ. ನಮ್ಮ ಮಕ್ಕಳ ಮಟ್ಟಿಗೆ ಆ ಬಾಗಿಲು ಕನ್ನಡ ಚಿತ್ರವೇ ಆಗಬೇಕೆಂಬುದು ನಮ್ಮ ವಾದ.

ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಹೊಸಬರಿಗೆ ಮೊದಲು ಕಲಿಸುವ ಪಾಠವೊಂದಿದೆ: ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಬರೆಯಿರಿ. ಅಯೋಡಿನ್ ಹಾಕಿದಾಗ ದ್ರಾವಣ ನೀಲಿಯಾಯಿತು ಎಂಬುದು ಕಂಡದ್ದು. ಅದರಲ್ಲಿ ಪಿಷ್ಟವಿದೆ ಎಂಬುದು ಊಹಿಸಿದ್ದು. ಪುಸ್ತಕದ ವಿಷಯದಲ್ಲಿ ಹುಡುಗರು ಮೊದಲನೆಯದನ್ನು ಹಾರಿಸಿ ನೇರ ಎರಡನೆಯದಕ್ಕೆ ಹೋಗುತ್ತಾರೆ. ‘ಅವನು ಕೆಟ್ಟವನು’, ‘ಅವಳು ಪಾಪ’ ಎನ್ನುತ್ತಾರೆ. ಯಾವ ಸಾಲಿನಿಂದ ಹಾಗೆನ್ನಿಸಿತು ಎಂದರೆ ಸುಮ್ಮನಾಗುತ್ತಾರೆ. ಸಿನಿಮಾದಲ್ಲಿ ಈ ಅಭ್ಯಾಸ ಸುಲಭ. ಚಿತ್ರವನ್ನು ನಿಲ್ಲಿಸಬಹುದು, ಹಿಂದಕ್ಕೆ ಹೋಗಬಹುದು, ‘ಇಗೋ ಇಲ್ಲಿ’ ಎಂದು ಬೆರಳಿಟ್ಟು ತೋರಿಸಬಹುದು.

ಕನ್ನಡ ಚಿತ್ರವೇ ಏಕೆ? ನಮ್ಮ ಮಕ್ಕಳಲ್ಲಿ ಹಲವರಿಗೆ ಕನ್ನಡ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ. ಕೇಳಿದರೆ ತಿಳಿಯುತ್ತದೆ, ಓದಲು ಬಾರದು. ಅವರಿಗೆ ಮುಚ್ಚಿಹೋಗಿರುವ ನಮ್ಮ ಕಥೆ ಕಾದಂಬರಿಗಳು ಚಿತ್ರವಾದಾಗ ಕಿವಿಯ ದಾರಿಯಿಂದ ಒಳಗೆ ಬರುತ್ತವೆ.

ಉದಾಹರಣೆಗೆ ‘ಘಟಶ್ರಾದ್ಧ’. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಿತ್ರವಾಗಿಸಿದರು. ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಅದಕ್ಕೆ ಬಂದಿತು. ಉಡುಪರ ವೇದಪಾಠಶಾಲೆಗೆ ನಾಣಿ ಎಂಬ ಹುಡುಗ ಬರುತ್ತಾನೆ. ಉಡುಪರ ವಿಧವೆ ಮಗಳು ಯಮುನೆ ಬಸಿರಾಗುತ್ತಾಳೆ. ಕೊನೆಗೆ ತಂದೆಯೇ ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಹೊರಹಾಕುತ್ತಾನೆ. ಕಥೆಯಲ್ಲಿ ಇದನ್ನೆಲ್ಲ ಹೇಳುವವನು ಆ ಹುಡುಗ, ‘ನಾನು’ ಎಂದು. ಕ್ಯಾಮೆರಾಕ್ಕೆ ‘ನಾನು’ ಎನ್ನಲು ಬಾರದು. ಹಾಗಾದರೆ ನಿರ್ದೇಶಕರು ಏನು ಮಾಡಿದರು? ಹತ್ತು ನಿಮಿಷದ ಒಂದು ಭಾಗವನ್ನು ಮತ್ತೆ ಹಾಕಿ, ಮಕ್ಕಳ ಕೈಗೆ ಹಾಳೆ ಕೊಟ್ಟು ಮೂರೇ ಪ್ರಶ್ನೆ ಕೇಳಿ: ಈ ದೃಶ್ಯದಲ್ಲಿ ನಾಣಿ ಎಲ್ಲಿದ್ದಾನೆ? ಅವನಿಗೆ ಏನು ತಿಳಿದಿದೆ? ಅವನಿಗೆ ತಿಳಿಯದ್ದು ನಮಗೆ ಏನು ತಿಳಿದಿದೆ? ನಿರೂಪಕನ ದೃಷ್ಟಿಕೋನ ಎಂದು ವಿಮರ್ಶಕರು ಕರೆಯುವ ದೊಡ್ಡ ವಿಷಯ ಈ ಮೂರು ಪ್ರಶ್ನೆಗಳಲ್ಲಿ ಅಡಗಿದೆ.

ಸಂಕೇತವೆಂದರೇನು ಎಂದು ಕಲಿಸಲು ‘ಚೋಮನ ದುಡಿ’ ಇದೆ. ಶಿವರಾಮ ಕಾರಂತರ ಕಾದಂಬರಿ 1933ರದು, ಬಿ. ವಿ. ಕಾರಂತರ ಚಿತ್ರ 1975ರದು. ದುಡಿಯ ಸದ್ದು ಕೇಳಿದಾಗಲೆಲ್ಲ, ಅದಕ್ಕೆ ಸ್ವಲ್ಪ ಮೊದಲು ಚೋಮನಿಗೆ ಏನಾಯಿತೆಂದು ಮಕ್ಕಳು ಪಟ್ಟಿ ಮಾಡಲಿ. ಪಟ್ಟಿ ಮುಗಿಯುವ ಹೊತ್ತಿಗೆ ಆ ದುಡಿ ಬರಿಯ ವಾದ್ಯವಲ್ಲವೆಂದು ನಾವು ಹೇಳಬೇಕಾಗುವುದಿಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ತಬರನ ಕತೆ’ ಇನ್ನೊಂದು ಬಗೆ. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರ, ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆಯುತ್ತಿರುವ ಅವನ ಹೆಂಡತಿ. ಇದನ್ನೂ ಕಾಸರವಳ್ಳಿಯವರೇ ಚಿತ್ರ ಮಾಡಿದರು. ಇಲ್ಲಿ ಖಳನಾಯಕ ಯಾರೆಂದು ಕೇಳಿ ನೋಡಿ. ಒಬ್ಬನತ್ತ ಬೆರಳು ಮಾಡಲಾಗದೆ ಮಕ್ಕಳು ತಡವರಿಸುತ್ತಾರೆ. ಒಳ್ಳೆಯ ಚರ್ಚೆ ಹುಟ್ಟುವುದು ಅಲ್ಲಿಂದಲೇ.

ಕ್ರಮ ಹೀಗಿರಲಿ. ಮೊದಲ ವಾರ ಚಿತ್ರವನ್ನು ಪೂರ್ತಿಯಾಗಿ, ನಡುವೆ ಬಾಯಿ ಹಾಕದೆ ನೋಡುವುದು. ಎರಡನೆಯ ವಾರ ಎರಡು ಮೂರು ದೃಶ್ಯಗಳನ್ನು ನಿಲ್ಲಿಸಿ ನಿಲ್ಲಿಸಿ ನೋಡುವುದು. ಮೂರನೆಯ ವಾರ ಮೂಲ ಕೃತಿಯ ಅದೇ ಭಾಗವನ್ನು ತಂದೆಯೋ ತಾಯಿಯೋ ಗಟ್ಟಿಯಾಗಿ ಓದುವುದು. ಚಿತ್ರದಲ್ಲಿ ಬಿಟ್ಟದ್ದೇನು, ಸೇರಿಸಿದ್ದೇನು, ಪುಟ ಹೇಳಿದ್ದನ್ನು ಪರದೆ ಹೇಳಲಾರದೆ ಹೋದದ್ದು ಎಲ್ಲಿ ಎಂದು ಮಕ್ಕಳು ಎರಡು ಪುಟ ಬರೆಯಲಿ. ಈ ಮೂರನೆಯ ವಾರವನ್ನು ಕೈಬಿಟ್ಟರೆ ಉಳಿದದ್ದು ಮನರಂಜನೆ ಮಾತ್ರ. ಚೋಮನ ಮುಖವನ್ನು ಪರದೆ ಸಿದ್ಧಮಾಡಿ ಕೊಡುತ್ತದೆ. ಪುಟದಿಂದ ಅದನ್ನು ಕಟ್ಟಿಕೊಳ್ಳುವುದು ಓದುಗನ ಕೆಲಸ. ಆ ಕೆಲಸ ಬಾರದವನಿಗೆ ಸಾಹಿತ್ಯ ಬಂದಿತೆನ್ನಲಾಗದು.

ಒಂದು ಆಕ್ಷೇಪಣೆ ಬಂದೇ ಬರುತ್ತದೆ. ಬಸಿರು, ವೈಧವ್ಯ, ಅಸ್ಪೃಶ್ಯತೆ ಇವೆಲ್ಲ ಮಕ್ಕಳ ಮುಂದೆ ಏಕೆ? ಪರದೇಶದಲ್ಲಿ ಬೆಳೆಯುವವರಿಗೆ ನಮ್ಮ ನಾಡಿನ ಹುಳುಕನ್ನೇ ಏಕೆ ತೋರಿಸಬೇಕು? ಚಿಕ್ಕವರಿಗೆ ಬೇಡ, ನಿಜ. ಹದಿನೈದು ದಾಟಿದವರ ಮಾತು ಬೇರೆ. ಇದೇ ವಯಸ್ಸಿನವರಿಗೆ ಈ ದೇಶದ ಪ್ರೌಢಶಾಲೆಗಳಲ್ಲಿ ಹಾಥಾರ್ನನ 1850ರ ಕಾದಂಬರಿ ‘ದ ಸ್ಕಾರ್ಲೆಟ್ ಲೆಟರ್’ ಓದಿಸುವುದುಂಟು. ಅಲ್ಲಿಯೂ ಒಬ್ಬ ಹೆಂಗಸು ಬಸಿರಾದದ್ದಕ್ಕೆ ಊರು ಅವಳನ್ನು ದೂರವಿಡುತ್ತದೆ. ಕಾರಣನಾದ ಗಂಡಸು ಬಹುಕಾಲ ಮರೆಯಲ್ಲಿರುತ್ತಾನೆ. ಅದನ್ನು ಉತ್ತಮ ಸಾಹಿತ್ಯವೆಂದು ನಾವೇ ಕೊಂಡು ತಂದು ಕೊಡುತ್ತೇವೆ. ಯಮುನೆಯ ಕಥೆ ಮಾತ್ರ ಮುಜುಗರವಾಗುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂದರೆ ಇದೇ ಅಲ್ಲವೆ? ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಶಿಕ್ಷೆ ಯಾರಿಗೆ ಬಿತ್ತು, ಯಾರು ತಪ್ಪಿಸಿಕೊಂಡರು, ಕಥೆ ಯಾರ ಪಕ್ಕದಲ್ಲಿ ನಿಂತಿದೆ ಎಂದು ಬರೆಯಿಸಿದರೆ, ಯಾವ ಪರೀಕ್ಷಕರ ಮುಂದಾದರೂ ಇಡಬಹುದಾದ ಪ್ರಬಂಧವಾಗುತ್ತದೆ.

ಮುಜುಗರಕ್ಕಿಂತ ನಮ್ಮನ್ನು ಹೆಚ್ಚು ಕಾಡುವುದು ಇನ್ನೊಂದು ಯೋಚನೆ. ಹಬ್ಬದ ಹಾಡಿಗೆ, ಅಜ್ಜಿಯ ಜೊತೆ ಫೋನಿನ ಮಾತಿಗೆ, ಊಟದ ಮನೆಗೆ ಕನ್ನಡ. ಗಂಭೀರವಾಗಿ ಯೋಚಿಸಲು ಇಂಗ್ಲಿಷು ಎಂಬ ಹಂಚಿಕೆ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ನಡೆದುಹೋಗಿದೆ. ಸಿಹಿಯಾದದ್ದನ್ನು ಮಾತ್ರ ಕನ್ನಡದಲ್ಲಿ ಕೊಟ್ಟರೆ, ದೊಡ್ಡವರಾದ ಮೇಲೆ ಮಕ್ಕಳು ಅದನ್ನು ಬಾಲ್ಯದ ಆಟಿಕೆಯಂತೆ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ. ಕಷ್ಟದ ಪ್ರಶ್ನೆಗಳನ್ನು ಕೇಳಿದ ಭಾಷೆಯೂ ಇದೇ ಎಂದು ಅವರಿಗೆ ಒಮ್ಮೆಯಾದರೂ ತಿಳಿಯಬೇಕು.

ಸಂಘದ ಕಾರ್ಯಕಾರಿ ಸಮಿತಿಗೆ ನಮ್ಮದೊಂದು ಸಲಹೆ. ಮೂರು ತಿಂಗಳಿಗೊಂದು ಚಿತ್ರ ಆರಿಸಿ, ಮನೆಯಲ್ಲಿ ಕಲಿಯುವವರು, ಶಾಲೆಗೆ ಹೋಗುವವರು ಎಂಬ ಭೇದವಿಲ್ಲದೆ ಹದಿಹರೆಯದವರನ್ನು ಒಂದೆಡೆ ಸೇರಿಸಬಹುದು. ಖರ್ಚು ಹೆಚ್ಚಿಲ್ಲ: ಒಂದು ಕೋಣೆ, ಒಂದು ಪರದೆ, ಮೂಲ ಕಥೆಯ ಒಂದು ಪ್ರತಿ, ಅದನ್ನು ಗಟ್ಟಿಯಾಗಿ ಓದಬಲ್ಲ ಒಬ್ಬರು. ತಂದೆತಾಯಿಗಳು ಬರಲಿ. ಆದರೆ ಹಿಂದಿನ ಸಾಲಿನಲ್ಲಿ ಕೂರಲಿ. ಪ್ರಶ್ನೆಗೆ ತಾವೇ ಉತ್ತರ ಹೇಳಿಬಿಡದಿರಲಿ.